ನಾರು ತಿಂದವನು ನೀರು ಕುಡಿಯಲೇಬೇಕು

ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಗ್ರಾಮಣ್ಣ ಎಂದೇ ಕರೆಯುತ್ತಿದ್ದರು. ಊರು, ಗ್ರಾಮ ಎನ್ನುವ ಗ್ರಾಮವಲ್ಲ, ತಕ್ಕಡಿಯ ಗ್ರಾಂ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾರಾದರೂ ಅದನ್ನು ಹಿಡಿದು ಕೂಗಿದರೆ ಎರಡನೇ ಸಲಕ್ಕೇ ಅವನು ತಿರುಗಿ ನೋಡುತ್ತಿದ್ದುದು. ಬ್ರಷ್ಷು ಮಾಡುವ ಕಾರ್ಖಾನೆ ಅದು. ಲಾರಿಯಲ್ಲಿ ನಾರಿನ ಮೂಟೆಗಳು ಬರುತ್ತವೆ. ಮೂವತ್ತು ಹೆಂಗಸರು ಉದ್ದನೆಯ ಹಜಾರದಲ್ಲಿ ಸಾಲಾಗಿ ಕೂತು ಆ ನಾರನ್ನು ಉಕ್ಕಿನ ಹಲ್ಲುಗಳ ಮೇಲೆ ಬಾಚಿ, ಕತ್ತರಿಸಿ, ಮರದ ಹಿಡಿಯ ತೂತುಗಳಿಗೆ ತುಂಬಿ, ಅಂಟು ಹಾಕಿ ಕಳಿಸುತ್ತಾರೆ. ಬಂದ ನಾರು ಎಷ್ಟು, ಹಜಾರಕ್ಕೆ ಹೋದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ತೂಗಿ ಬರೆಯುವುದು ಗ್ರಾಮಣ್ಣನ ಕೆಲಸ. ಮೂವತ್ತೊಂದು ವರ್ಷದಿಂದ ಅದೇ ಕೆಲಸ, ಅದೇ ತಕ್ಕಡಿ, ಅದೇ ಹಸಿರು ರಟ್ಟಿನ ಪುಸ್ತಕ. ಒಂದು ತುಂಬಿದರೆ ಇನ್ನೊಂದು, ಎಲ್ಲದರ ಮೇಲೂ ಒಂದೇ ತಲೆಬರಹ: ನಾರು.

ತೂಕದ ವಿಷಯದಲ್ಲಿ ಅವನಿಗೆ ಇದ್ದದ್ದು ಒಬ್ಬನೇ ಶತ್ರು, ಅದು ನೀರು. ನಾರು ಮಾರುವವರು ಮೂಟೆಗೆ ನೀರು ಚಿಮುಕಿಸಿ ತೂಕ ಹೆಚ್ಚಿಸುತ್ತಾರೆ, ಅದು ಅವರ ಹಳೆಯ ಕಸುಬು. ಅದಕ್ಕೇ ಗ್ರಾಮಣ್ಣ ಪ್ರತಿ ಲಾರಿಯಿಂದ ನೂರು ಗ್ರಾಂ ನಾರು ಹಿರಿದು, ಅಂಟು ಕಾಯಿಸುವ ಒಲೆಯ ಮುಚ್ಚಳದ ಮೇಲೆ ಹರಡಿ, ಒಣಗಿಸಿ, ಮತ್ತೆ ತೂಗುತ್ತಿದ್ದ. ಎಷ್ಟು ಕಡಿಮೆಯಾಯಿತೋ ಅಷ್ಟು ನೀರು. ಮಾಮೂಲಿ ತೇವ ಬಿಟ್ಟು ಮಿಕ್ಕಿದ್ದನ್ನು ಮೂಟೆಯ ತೂಕದಲ್ಲಿ ಕಳೆದೇ ಪುಸ್ತಕಕ್ಕೆ ಏರಿಸುತ್ತಿದ್ದ. ಲಾರಿಯವನು ಗೊಣಗಿದರೆ, ನಾವೇನು ಕಿವಿ ಮೇಲೆ ಹೂವು ಇಟ್ಟುಕೊಂಡಿದ್ದೇವಾ ಎಂದು ಕೇಳುತ್ತಿದ್ದ. ಪ್ರತಿ ಶನಿವಾರ ಯಜಮಾನರು ಪುಟದ ಬುಡಕ್ಕೆ ಸಹಿ ಹಾಕುತ್ತಿದ್ದರು. ಓದುತ್ತಿರಲಿಲ್ಲ. ನೀನು ಬರೆದ ಮೇಲೆ ಮುಗೀತು ಬಿಡಪ್ಪ ಎನ್ನುತ್ತಿದ್ದರು. ಗ್ರಾಮಣ್ಣನ ತೂಕ ತಪ್ಪಲ್ಲ ಎಂಬ ಆ ಮಾತೇ ಅವನ ಆಸ್ತಿ. ಹಾಗಿದ್ದರೂ, ಇಷ್ಟು ಮುತ್ತಿನಂಥ ಅಕ್ಷರದಲ್ಲಿ ಬರೆದದ್ದನ್ನು ಒಂದು ಸಲವಾದರೂ ಯಾರಾದರೂ ಓದಬಾರದೇ ಎಂದು ಒಳಗೊಳಗೇ ಅವನಿಗೆ ಬೇಸರವಿತ್ತು.

ಇಂಥವನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಹೊಟ್ಟೆ ಕಟ್ಟಿತು. ಮೊದಲು ಎರಡು ದಿನಕ್ಕೊಮ್ಮೆ, ಆಮೇಲೆ ಮೂರು, ಆಮೇಲೆ ನಾಲ್ಕು. ಬೆಳಿಗ್ಗೆ ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಹೆಂಡತಿ ಬಾಗಿಲು ಬಡಿಯುವವರೆಗೂ ಬರುತ್ತಿರಲಿಲ್ಲ, ಬಂದರೂ ಸೋತು ಸುಣ್ಣವಾದ ಮುಖ. ಹೆಂಡತಿ ಮುಂದಿನ ಕೋಣೆಯಲ್ಲೇ ಮೆಷಿನ್ನು ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಕೊರಳಲ್ಲಿ ಯಾವಾಗಲೂ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಅವಳು ಆಡುವ ಮಾತು ಇಡೀ ಬೀದಿಗೆ ಅರ್ಥವಾಗುತ್ತಿತ್ತು. ಊಟದ ಜೊತೆ ನೀರು ಕುಡಿಯಿರಿ ಎಂದು ಮದುವೆಯಾದಾಗಿನಿಂದ ಹೇಳಿದ್ದಳು. ತಟ್ಟೆಯ ಪಕ್ಕ ಇಟ್ಟ ಲೋಟ ಹಾಗೇ ವಾಪಸು ಹೋಗುತ್ತಿತ್ತು. ಅದು ಗೋಡೆಗೆ ಹೇಳಿದ ಹಾಗೆ ಎಂದು ಬಿಟ್ಟುಬಿಟ್ಟಿದ್ದಳು. ಈಗ ಬಿಡಲಿಲ್ಲ, ತೋಳು ಹಿಡಿದು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಏನೇನು ತಿನ್ನುತ್ತೀರಿ ಎಂದು ಕೇಳಿದರು. ಬಿಳಿ ಅನ್ನ, ಬಿಳಿ ಬ್ರೆಡ್ಡು, ಆಲೂಗಡ್ಡೆ, ನಾಲ್ಕು ಸಲ ಟೀ. ನಿಮ್ಮ ಊಟದಲ್ಲಿ ನಾರು ಸಾಲದು ಎಂದರು. ಗ್ರಾಮಣ್ಣನಿಗೆ ನಗು ಬಂತು. ಜೀವಮಾನವೆಲ್ಲ ನಾರಿನ ನಡುವೆ ಕೂತವನಿಗೆ, ಮೂಗಿನಲ್ಲಿ, ಹುಬ್ಬಿನಲ್ಲಿ, ಟೀ ಲೋಟದಲ್ಲಿ ಸಹ ನಾರು ಕಂಡವನಿಗೆ ನಾರು ಸಾಲದಂತೆ. ಡಾಕ್ಟರಮ್ಮ ನಗಲಿಲ್ಲ. ದಿನಕ್ಕೆ ಮೂವತ್ತು ಗ್ರಾಂ ನಾರು ಹೊಟ್ಟೆಗೆ ಹೋಗಬೇಕು, ಎಷ್ಟು ಹೋಯಿತು, ಹೊಟ್ಟೆ ಹೇಗಿತ್ತು ಎಂದು ಮೂರು ವಾರ ಬರೆದಿಡಿ, ಅದನ್ನು ನೋಡಿ ಮುಂದಿನದು, ಇಲ್ಲದಿದ್ದರೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ ಎಂದು ಒಂದು ಅಚ್ಚಿನ ಪಟ್ಟಿ ಕೈಗಿಟ್ಟರು. ಬಾಗಿಲ ಹತ್ತಿರ ಹೋದ ಮೇಲೆ, ನೀರು ಚೆನ್ನಾಗಿ ಕುಡಿಯಿರಿ ಎಂದೂ ಕೂಗಿ ಹೇಳಿದರು. ಅಷ್ಟರಲ್ಲಿ ಗ್ರಾಮಣ್ಣ ಬೀದಿಗಿಳಿದಾಗಿತ್ತು.

ಮೂವತ್ತು ಗ್ರಾಂ ತೂಗಿ ಬರೆಯುವುದು ಯಾವ ಮಹಾ ಎಂದುಕೊಂಡ. ಕಾರ್ಖಾನೆಯ ಕಪಾಟಿನಿಂದ ಒಂದು ಹಸಿರು ಪುಸ್ತಕ ತಂದ. ಕಪಾಟಿನ ಪಟ್ಟಿಯಲ್ಲಿ 'ಪುಸ್ತಕ ಒಂದು, ಸ್ವಂತಕ್ಕೆ' ಎಂದು ಬರೆದೇ ತಂದ, ಅಷ್ಟು ನೇಮದವನು. ಅಭ್ಯಾಸಬಲದಿಂದ ಮೇಲೆ 'ನಾರು' ಎಂದೂ ಬರೆದ. ಮೊದಲ ದಿನ ಹೆಂಡತಿಯ ಅಡುಗೆಮನೆಯ ತಕ್ಕಡಿಯಲ್ಲಿ ಮೂವತ್ತು ಗ್ರಾಂ ಕ್ಯಾರೆಟ್ಟು ತೂಗಿ, ಎರಡು ತುತ್ತಿಗೆ ಅಗಿದು ನುಂಗಿ, ಕೈ ಒರೆಸಿಕೊಂಡು, ಇವತ್ತಿನದು ಮುಗೀತು ಎಂದ. ಹೆಂಡತಿ ಪಟ್ಟಿ ಬಿಡಿಸಿ ಮುಖಕ್ಕೆ ಹಿಡಿದಳು. ನೂರು ಗ್ರಾಂ ಕ್ಯಾರೆಟ್ಟಿನಲ್ಲಿ ನಾರು ಇರುವುದು ಮೂರು ಗ್ರಾಂಗೂ ಕಡಿಮೆ. ಆ ಲೆಕ್ಕದಲ್ಲಿ ಇವನು ತಿಂದದ್ದು ಒಂದು ಗ್ರಾಂ ಸಹ ಅಲ್ಲ.

ಅಲ್ಲಿಂದ ಶುರುವಾಯಿತು ನೋಡಿ ರಗಳೆ. ಕಣ್ಣಿಗೆ ಕಾಣದ್ದನ್ನು ತೂಗುವುದು ಹೇಗೆ? ಮೂಟೆಯಲ್ಲಿರುವ ನಾರು ಕೈಗೆ ಸಿಗುತ್ತದೆ, ಕ್ಯಾರೆಟ್ಟಿನ ಒಳಗಿನ ನಾರು ಎಲ್ಲಿದೆ? ಅಚ್ಚು ಹಾಕಿದವನು ಹೇಳಿದ ಎಂದು ನಂಬುವುದಾ? ಗ್ರಾಮಣ್ಣ ನಂಬುವ ಜನವಲ್ಲ. ಒಂದು ಭಾನುವಾರ ಅರ್ಧ ಕಿಲೋ ಹುರುಳಿಕಾಯಿ ಬೇಯಿಸಿ, ಹಿಂಡಿ, ಬಾಣಲೆಯಲ್ಲಿ ಒಣಗಿಸಿ ತೂಗಲು ಹೋಗಿ ಬಾಣಲೆಯ ತಳ ಸೀಯಿಸಿದ. ಹೆಂಡತಿ ಹೊಲಿಗೆ ಬಿಟ್ಟು ಬಂದು, ಕಿಟಕಿ ತೆಗೆದು, ಬಾಣಲೆ ನೋಡಿ, ಗಂಡನ ಮುಖ ನೋಡಿ, ಒಂದು ಮಾತೂ ಆಡದೆ ವಾಪಸು ಹೋದಳು. ಅವಳು ಮಾತಾಡದೆ ಹೋದರೆ ಅದು ಬೈಗುಳಕ್ಕಿಂತ ಜೋರು ಎಂದು ಅವನಿಗೆ ಗೊತ್ತಿತ್ತು. ಮಾರನೆಯ ದಿನದಿಂದ ಪಟ್ಟಿಯನ್ನೇ ನಂಬಿದ.

ನಂಬಿದ ಮೇಲೆ ಅವನನ್ನು ತಡೆಯುವವರು ಯಾರು? ಸೇಬಿನ ಸಿಪ್ಪೆ ಸುಲಿದರೆ ಹೆಂಡತಿಯ ಮೇಲೆ ರೇಗುವನು, ಸಿಪ್ಪೆಯಲ್ಲಿ ಒಂದೂವರೆ ಗ್ರಾಂ ಇದೆ ಎಂದು. ಬಟಾಣಿ ಎಣಿಸುವನು. ತಟ್ಟೆ ಮುಂದಿಟ್ಟರೆ ಅನ್ನ ಆರುವವರೆಗೂ ಲೆಕ್ಕ, ಲೆಕ್ಕ ಮುಗಿಯುವಷ್ಟರಲ್ಲಿ ಹಸಿವೇ ಹೋಗಿರುತ್ತಿತ್ತು. ಗುಣಾಕಾರವೆಲ್ಲ ಹೆಂಡತಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಅವಳದೇ ಗುರುತಿನ ಸೀಮೆಸುಣ್ಣದಲ್ಲಿ. ಒಂದು ಸಲ ಯಾರದೋ ಮಗುವಿನ ನಿಕ್ಕರಿನ ಸೊಂಟಕ್ಕೆ ಕಡಲೆಕಾಳಿನ ಅಳತೆ ಬಿದ್ದು ಎರಡು ಗೇಣು ಬಟ್ಟೆ ಹಾಳಾಯಿತು. ಹಸಿರು ಪುಸ್ತಕಕ್ಕೆ ಏರುತ್ತಿದ್ದುದು ಮೊತ್ತ, ಡಾಕ್ಟರಮ್ಮ ಕೇಳಿದ್ದಕ್ಕೆ ಒಂದೆರಡು ಮಾತು, ಅಷ್ಟೇ. ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ಸಂಜೆ ಇಷ್ಟು. ಕ್ಯಾರೆಟ್ಟು, ಬಟಾಣಿ ಎಂದು ಬರೆದು ನಾರಿನ ಪುಸ್ತಕಕ್ಕೆ ತರಕಾರಿ ಅಂಗಡಿಯ ಕಳೆ ತರುವುದು ಅವನಿಗೆ ಒಗ್ಗಲಿಲ್ಲ. ಅಲ್ಲದೆ ಯಾರಾದರೂ ನೋಡಿದರೂ ಇದು ಹೊಟ್ಟೆಯ ವಿಷಯ ಎಂದು ತಿಳಿಯಬಾರದಲ್ಲ? ಹಾಗೆ ತಿಳಿದರೆ ಮೂವತ್ತು ಹೆಂಗಸರ ಹಜಾರದಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಗ್ರಾಂ ಎಂದೂ ಬರೆಯಲಿಲ್ಲ, ಅದು ತಾನೇ ತಾನಾಗಿ ಗೊತ್ತಿರುವ ಮಾತು.

ಎರಡನೇ ವಾರಕ್ಕೆ ಮೂವತ್ತು ಮುಟ್ಟಿದ. ಮುಟ್ಟಿದ್ದೇ ಹೊಟ್ಟೆ ಡೋಲಿನ ಹಾಗೆ ಉಬ್ಬಿತು. ಹೊರಗೆ ಬರಬೇಕಾದ್ದು ಬರಲಿಲ್ಲ, ಗಾಳಿ ಮಾತ್ರ ಬಂತು. ಹೆಂಡತಿ ಎರಡೂ ಕಿಟಕಿ ತೆಗೆದಿಟ್ಟಳು.

"ನಾರು ನಾರು ಅಂತ ಮನೆಯೆಲ್ಲ ನಾರಿಸಿಬಿಟ್ರಿ. ಒಂದು ಲೋಟ ನೀರಾದ್ರೂ ಕುಡೀರಿ."

ಅವನು ಕುಡಿಯಲಿಲ್ಲ. ಯಾಕೆ ಕುಡಿಯುವುದಿಲ್ಲ ಎಂದು ಕೇಳಿದರೆ ಉತ್ತರವನ್ನೂ ಹೇಳಲಿಲ್ಲ. ಉತ್ತರ ಹೊಟ್ಟೆಯಲ್ಲೇ ಇತ್ತು, ಮಿಕ್ಕಿದ್ದರ ಜೊತೆಗೆ.

ಇತ್ತ ಕಾರ್ಖಾನೆಯಲ್ಲಿ ಬೇರೆಯೇ ಗ್ರಹಚಾರ. ಅದೇ ಮೂರು ವಾರದ ಹಿಂದೆ ಯಜಮಾನರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಕೂತಿದ್ದರು. ಅವರ ಅಳಿಯ ಬಂದು ಕುರ್ಚಿಯಲ್ಲಿ ಕೂತಿದ್ದ. ಅಳಿಯ ಕೆಟ್ಟವನಲ್ಲ, ಆತುರದವನು. ಬಂದ ದಿನವೇ ಒಲೆಯ ಮುಚ್ಚಳದ ಮೇಲೆ ನಾರು ಒಣಗುವುದನ್ನು ಕಂಡು, ಇದೇನು ಹಪ್ಪಳ ಹಾಕಿದ್ದೀರಾ ಎಂದು ಕೇಳಿದ. ಇದಕ್ಕೆ ಅರ್ಧ ದಿನ ಹಾಳು, ಲಾರಿಯವನ ಚೀಟಿಯಲ್ಲಿರುವ ತೂಕವನ್ನೇ ಬರೆದುಕೊಳ್ಳಿ ಎಂದ. ಗ್ರಾಮಣ್ಣ ವಿವರಿಸಲು ಬಾಯಿ ತೆಗೆದ. ಅಷ್ಟರಲ್ಲಿ ಅಳಿಯನ ಕಿವಿಗೆ ಫೋನು ಅಂಟಿಯಾಗಿತ್ತು.

"ಏನಿದ್ರೂ ಪುಸ್ತಕದಲ್ಲಿ ಬರೀರಿ. ನಾನು ನೋಡ್ತೀನಿ."

ಬರೆದ. ದೊಡ್ಡ ಅಂಕಣದಲ್ಲಿ ಚೀಟಿಯ ತೂಕ ಬರೆದ. ಊಟದ ಬಿಡುವಿನಲ್ಲಿ, ಯಾರೂ ಕೇಳದಿದ್ದರೂ, ನೂರು ಗ್ರಾಂ ಒಣಗಿಸಿ, ಅಂಚಿನ ಖಾಲಿ ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದ: 'ಒದ್ದೆ. ಮಾಮೂಲಿ ತೇವ ಬಿಟ್ಟು ನೂರಕ್ಕೆ ಹದಿನೇಳು ನೀರು.' ಚೀಟಿಯನ್ನೇ ನಂಬುತ್ತಾರೆ ಎಂಬ ಸುದ್ದಿ ಮಾರುವವರಿಗೆ ಹೇಗೆ ಮುಟ್ಟಿತೋ, ಮೂಟೆಗಳು ನೀರು ತೊಟ್ಟಿಕ್ಕಿಸಿಕೊಂಡೇ ಬಂದವು. ಮೂರು ಲಾರಿ, ಇನ್ನೂರ ನಲವತ್ತು ಕಿಲೋ ಒಂದೊಂದು. ಮೂರನೇ ವಾರದ ಕೊನೆಗೆ ಅಳಿಯ ಆದ ಬ್ರಷ್ಷು, ಉಳಿದ ನಾರು ಎಲ್ಲ ತೂಗಿಸಿ ನೋಡಿದರೆ ನೂರ ಇಪ್ಪತ್ತೆರಡು ಕಿಲೋ ನಾರು ಇಲ್ಲ. ಕಳ್ಳತನ ಎಂಬ ಮಾತನ್ನು ಅವನು ಆಡಲಿಲ್ಲ. ಮಾಲು ಯಾರ ಕೈಯಿಂದಲೋ ಸೋರಿದೆ ಎಂದ. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ, ಎರಡೂ ಒಂದೇ. ಶನಿವಾರ ಪುಸ್ತಕ ತನ್ನಿ, ಸಾಲು ಸಾಲು ಓದುತ್ತೇನೆ, ಸೋರಿಸಿದವರು ಯಾರೇ ಆಗಲಿ ಮನೆಗೆ ಹೋಗುತ್ತಾರೆ ಎಂದು ಹಜಾರದ ನಡುವೆ ನಿಂತು ಹೇಳಿದ. ಹೆಂಗಸರು ಗ್ರಾಮಣ್ಣನ ಕಡೆ ನೋಡಿದರು. ಬೀಗದ ಕೈ ಇರುವುದು ಅವನ ಸೊಂಟದಲ್ಲಿ ತಾನೇ.

ನಿಜ ಹೇಳಬೇಕೆಂದರೆ ಗ್ರಾಮಣ್ಣನಿಗೆ ಖುಷಿಯೇ ಆಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಒಬ್ಬರು ಓದುತ್ತಾರೆ, ಅಂಚಿನಲ್ಲಿ ಬರೆದದ್ದೆಲ್ಲ ಬಾಯಿ ಬಿಡುತ್ತದೆ. ಶುಕ್ರವಾರ ಸಂಜೆ ಪುಸ್ತಕವನ್ನು ಮನೆಗೆ ತಂದು, ಅಡಿಗೆರೆ ಎಳೆದು, ಅಂದವಾಗಿ ಮೊತ್ತ ಹಾಕಿ, ಬಟ್ಟೆಚೀಲಕ್ಕೆ ಸೇರಿಸಿದ. ಶನಿವಾರ ಡಾಕ್ಟರಮ್ಮನಿಗೆ ಹೊಟ್ಟೆಯ ಪುಸ್ತಕ ತೋರಿಸುವ ದಿನವೂ ಹೌದು. ಹೆಂಡತಿ ಅದನ್ನೂ ಅದೇ ಚೀಲಕ್ಕೆ ಹಾಕಿದಳು. ಬೆಳಿಗ್ಗೆ ಎಂಟಕ್ಕೆ ದವಾಖಾನೆಗೆ ಹೋದರೆ ಡಾಕ್ಟರಮ್ಮನ ಮುಂದೆ ಅಳುವ ಮಕ್ಕಳ ಸಾಲು. ಪುಸ್ತಕ ಬಿಟ್ಟು ಹೋಗಿ, ಸಂಜೆ ಬನ್ನಿ ಎಂದಳು ನರ್ಸು. ಗ್ರಾಮಣ್ಣ ಚೀಲಕ್ಕೆ ಕೈ ಹಾಕಿದ, ಒಂದು ಪುಸ್ತಕ ಹಿರಿದ, ಹಸಿರು ರಟ್ಟು, 'ನಾರು', ತನ್ನದೇ ಅಕ್ಷರ. ಕೊಟ್ಟು ಕಾರ್ಖಾನೆಗೆ ಓಡಿದ.

ಮುಂದೇನಾಯಿತು ಎಂದು ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಹೇಳದೆ ಇರಲು ಆಗುವುದಿಲ್ಲ.

ಅಳಿಯ ಕಚೇರಿಯ ಬಾಗಿಲು ತೆರೆದೇ ಇಟ್ಟು ಜೋರಾಗಿ ಓದಲು ಶುರು ಮಾಡಿದ. ಸೋಮವಾರ. ಬೆಳಿಗ್ಗೆ ಆರು, ಮಧ್ಯಾಹ್ನ ಒಂಬತ್ತು, ಸಂಜೆ ಏಳು. ಒಟ್ಟು ಇಪ್ಪತ್ತೆರಡು. ಸಾಲದು. ನಾಳೆ ಇನ್ನೂ ಹೆಚ್ಚು ತೆಗೆದುಕೊಳ್ಳಬೇಕು. ಅಳಿಯ ತಲೆಯೆತ್ತಿ ನೋಡಿದ. ಗ್ರಾಮಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಳಿಯ ಪುಟ ತಿರುವಿದ. ಮಂಗಳವಾರ, ಇಪ್ಪತ್ತಾರು. ಹೆಂಡತಿ ಗೊತ್ತಾಗದ ಹಾಗೆ ಸ್ವಲ್ಪ ಸೇರಿಸಿ ಕೊಟ್ಟಳು. ಬುಧವಾರ, ಕಾರ್ಖಾನೆಯಲ್ಲಿ ಮೂಟೆಗಳ ಹಿಂದೆ ನಿಂತು ಯಾರೂ ನೋಡದಾಗ ಐದು ತೆಗೆದುಕೊಂಡೆ. ಹಜಾರದಲ್ಲಿ ನಾರು ಬಾಚುವ ಸದ್ದು ಒಂದೊಂದಾಗಿ ನಿಂತಿತು. ಗುರುವಾರ, ಮೂವತ್ತೊಂದು. ಶುಕ್ರವಾರ, ಮೂವತ್ತೆರಡು. ಹಾಗೇ ಪುಟ ತಿರುವುತ್ತ ಕೊನೆಯ ಪುಟಕ್ಕೆ ಬಂದ. ನಾಲ್ಕು ದಿನದಿಂದ ಏನೂ ಹೊರಗೆ ಹೋಗಿಲ್ಲ. ಎಲ್ಲ ಒಳಗೇ ಇದೆ. ಭಯವಾಗುತ್ತಿದೆ.

ಅಳಿಯ ಪುಸ್ತಕ ಕೆಳಗಿಟ್ಟ. ಅವನ ದನಿ ಈಗ ಮೆತ್ತಗಿತ್ತು, ಅದೇ ಹೆಚ್ಚು ಹೆದರಿಕೆಯಾಗುವಂಥದ್ದು.

"ನಾನು ನೂರ ಇಪ್ಪತ್ತೆರಡು ಕಿಲೋ ಅಂದ್ಕೊಂಡಿದ್ದೆ. ಇಲ್ಲಿ ನೋಡಿದ್ರೆ ಐನೂರು ದಾಟಿದೆ. ಇನ್ನೂ ಒಳಗೇ ಇದೆ ಅಂತ ನೀವೇ ಬರೆದಿದ್ದೀರಿ. ಎಲ್ಲಿ ಇಟ್ಟಿದ್ದೀರಿ?"

ಏನೆಂದು ಹೇಳುವುದು? ಹೊಟ್ಟೆಯಲ್ಲಿ ಎನ್ನುವುದೇ? ಬಾಗಿಲ ಆಚೆ ಮೂವತ್ತು ಹೆಂಗಸರು ಉಸಿರು ಬಿಗಿಹಿಡಿದು ಕೂತಿದ್ದರು. ಇತ್ತ ಕಳ್ಳ, ಅತ್ತ ನಾಲ್ಕು ದಿನದಿಂದ ಕಕ್ಕಸಿಗೆ ಹೋಗದವನು. ಎರಡರಲ್ಲಿ ಒಂದನ್ನು ಈಗಲೇ ಆರಿಸಿಕೊಳ್ಳಬೇಕು. ಕಡೆಗೆ ಗ್ರಾಮಣ್ಣನ ಬಾಯಿಂದ ಬಂದದ್ದು, ಆ ಪುಸ್ತಕ ನನ್ನ ಸ್ವಂತದ್ದು, ಅದು ಸ್ವಂತಕ್ಕೆ ತೆಗೆದುಕೊಂಡ ನಾರು ಎಂಬ ಮಾತು. ಬೇರೆ ಯಾವ ಮಾತಾಡಿದ್ದರೂ ಇದಕ್ಕಿಂತ ವಾಸಿಯಾಗಿರುತ್ತಿತ್ತು. ಹೋದದ್ದು ನಾರಲ್ಲ, ನೀರು ಎಂದೂ ತೊದಲಿದ. ಎಲ್ಲಿ ಬರೆದಿದ್ದೀರಿ ತೋರಿಸಿ ಎಂದ ಅಳಿಯ. ಬರೆದ ಪುಸ್ತಕ ಡಾಕ್ಟರಮ್ಮನ ಮೇಜಿನ ಮೇಲಿತ್ತು.

"ಮಾವನವರು ನಿಮ್ಮನ್ನ ದೇವರ ಹಾಗೆ ನಂಬಿದ್ರು. ಉಪ್ಪು ತಿಂದವರು ನೀರು ಕುಡೀಲೇಬೇಕು. ಬೀಗದ ಕೈ ಕೊಟ್ಟು ಹೋಗಿ. ಸೋಮವಾರ ಮಾವನವರಿಗೂ ಹೇಳಿ, ಏನು ಮಾಡೋದು ಅಂತ ನೋಡ್ತೀನಿ."

ಸೊಂಟದಿಂದ ಬೀಗದ ಕೈ ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಆ ಗಂಟನ್ನು ಇಷ್ಟು ವರ್ಷ ಅವನು ಬೇರೆಯವರ ಮುಂದೆ ಬಿಚ್ಚಿರಲಿಲ್ಲ. ಹಜಾರ ದಾಟುವಾಗ ಯಾರೂ ಮಾತಾಡಿಸಲಿಲ್ಲ. ಮೊದಲ ಸಾಲಿನಲ್ಲಿ ಕೂರುವ ಬಾಚಣಿಗೆ ಅಕ್ಕ, ಅವನಿಗಿಂತ ಎರಡು ವರ್ಷ ಮೊದಲೇ ಕೆಲಸಕ್ಕೆ ಸೇರಿದವಳು, ಅವಳು ಕೂಡ ಮಡಿಲಿನ ನಾರು ನೋಡುತ್ತ ಕೂತಿದ್ದಳು. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಗೊಣಗಿಕೊಳ್ಳುತ್ತ ಮನೆ ಸೇರಿದ.

ಹೆಂಡತಿ ಮೆಷಿನ್ನಿನ ಚಕ್ರ ನಿಲ್ಲಿಸಿ ಎಲ್ಲ ಕೇಳಿದಳು. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಇಂಥ ಮಾತಿಗೆ ಬಾಯಿ ಪೂರ್ತಿ ಖಾಲಿ ಬೇಕು.

"ಕಳ್ಳ ಅನ್ನಿಸ್ಕೊಂಡು ಬಂದ್ರಿ. ಹೊಟ್ಟೆ ಕಟ್ಟಿದೆ ಅನ್ನೋ ಎರಡು ಮಾತು ಬಾಯಿಗೆ ಬರಲಿಲ್ವಾ ನಿಮಗೆ?"

ಅಷ್ಟು ಜನ ಹೆಂಗಸರ ಮುಂದೆ ಹೇಗೆ ಹೇಳುವುದು ಎಂದ. ಆ ಹೆಂಗಸರಿಗೇನು ಹೊಟ್ಟೆ ಇಲ್ಲವಾ ಎಂದು ಅವಳು ಕೇಳಿದಳು. ಆಮೇಲೆ ಅವಳ ಕಣ್ಣು ತುಂಬಿ, ಅದನ್ನು ಟೇಪಿನ ತುದಿಯಿಂದಲೇ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ನಡೀರಿ ಎಂದಳು.

ಡಾಕ್ಟರಮ್ಮ ಕಾರ್ಖಾನೆಯ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದರು. ಬಂದದ್ದು ಇನ್ನೂರ ನಲವತ್ತು, ಹೊರಗೆ ಹೋದದ್ದು ನೂರ ಎಂಬತ್ತು ಎಂದು ಓದಿ ಮೊದಲು ಹೆದರಿಕೆಯೇ ಆಯಿತಂತೆ, ಈ ರೋಗಿಗೆ ಮಾಡಬೇಕಾದ್ದು ಏನೂ ಉಳಿದಿಲ್ಲ ಎಂದು. ಮೂಟೆ, ಲಾರಿ ಎಂಬ ಮಾತು ಬಂದ ಮೇಲೆ ತಿಳಿಯಿತಂತೆ. ಆದರೂ ಓದುವುದು ನಿಲ್ಲಿಸಲಾಗಲಿಲ್ಲ, ಅಕ್ಷರ ಅಷ್ಟು ಚೆನ್ನಾಗಿತ್ತು ಎಂದರು. ಅಂಚಿನಲ್ಲಿ 'ಒದ್ದೆ' ಎಂದು ಬರೆದಲ್ಲೆಲ್ಲ ಕೆಂಪು ಪೆನ್ಸಿಲ್ಲಿನ ಗೆರೆ ಎಳೆದಿದ್ದರು. ಮೂವತ್ತೊಂದು ವರ್ಷದಲ್ಲಿ ತನ್ನ ಬರಹವನ್ನು ಪೂರ್ತಿ ಓದಿದ ಮೊದಲ ಮನುಷ್ಯರು ಇವರೇ ಎಂದು ಗ್ರಾಮಣ್ಣನಿಗೆ ಹೊಳೆಯಿತು.

"ನಾರಿನಲ್ಲಿರೋ ನೀರು ಕಂಡ್ರೆ ನಿಮಗೆ ಇಷ್ಟು ಕೋಪ. ಮೂವತ್ತು ಗ್ರಾಂ ನಾರು ತಿನ್ನೋವಾಗ ನೀವು ಎಷ್ಟು ನೀರು ಕುಡೀತೀರಿ?" ಎಂದು ಡಾಕ್ಟರಮ್ಮ ಕೇಳಿದರು.

ಗ್ರಾಮಣ್ಣ ಹೆಂಡತಿಯ ಕಡೆ ಒಮ್ಮೆ ನೋಡಿದ. ಆಮೇಲೆ ಇಷ್ಟು ದಿನ ಹೆಂಡತಿಗೂ ಹೇಳದಿದ್ದ ಉತ್ತರ ಹೇಳಿದ. ಕುಡಿಯುವುದಿಲ್ಲ. ನೀರು ಸೇರಿದರೆ ನಾರಿನ ತೂಕ ಸುಳ್ಳಾಗುತ್ತದೆ. ಬರೆದದ್ದು ಮೂವತ್ತು ಎಂದರೆ ಒಣಗಿದ, ಅಪ್ಪಟ ಮೂವತ್ತೇ ಆಗಿರಬೇಕು, ಅದರಲ್ಲಿ ಮೋಸ ಇರಬಾರದು ಎಂದು ಆಗೊಂದು ಈಗೊಂದು ಕುಡಿಯುತ್ತಿದ್ದ ಗುಟುಕು ನೀರನ್ನೂ ಬಿಟ್ಟಿದ್ದೇನೆ.

ಡಾಕ್ಟರಮ್ಮ ಹಣೆಗೆ ಕೈ ಹಚ್ಚಿಕೊಂಡರು. ಹೆಂಡತಿ ಗೋಡೆಗೆ ಒರಗಿಕೊಂಡಳು. ನಗುವುದೋ ಅಳುವುದೋ ಇಬ್ಬರಿಗೂ ತಿಳಿಯಲಿಲ್ಲ. ನೀರಿಲ್ಲದ ನಾರು ಒಳಗೆ ಹೋಗಿ ಬಿರಟೆಯ ಹಾಗೆ ಕೂರುತ್ತದೆ, ನೀವು ಮೂರು ವಾರದಿಂದ ಸ್ವಂತ ಹೊಟ್ಟೆಗೆ ಬ್ರಷ್ಷು ತುಂಬುತ್ತಿದ್ದೀರಿ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ನಿಮಗೆ ದೊಡ್ಡಾಸ್ಪತ್ರೆ ಬೇಡ, ದೊಡ್ಡ ಲೋಟ ಸಾಕು ಎಂದರು. ಕೊನೆಗೆ ಕೈಬೆರಳು ಎತ್ತಿ ಹೇಳಿದರು:

"ನಾರು ತಿಂದವರು ನೀರು ಕುಡೀಲೇಬೇಕು."

ಬೆಳಿಗ್ಗೆ ಅಳಿಯ ಹೇಳಿದ ಮಾತು ಅವನ ಕಿವಿಯಲ್ಲಿ ಇನ್ನೂ ಇತ್ತು. ಎರಡೂ ಕಡೆಯಿಂದ ನೀರು ಕುಡಿಸುವವರೇ ಸಿಕ್ಕರಲ್ಲ ಎನ್ನಿಸಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನರ್ಸಿನ ಮೇಜಿನ ಮೇಲಿದ್ದ ತಂಬಿಗೆಯನ್ನು ಎತ್ತಿ ಗಟಗಟನೆ ಖಾಲಿ ಮಾಡಿದ.

ಭಾನುವಾರವೆಲ್ಲ ಹೆಂಡತಿ ಗಂಟೆಗೊಂದು ಲೋಟ ಎದುರಿಗಿಟ್ಟು, ಕುಡಿಯುವವರೆಗೂ ನಿಂತು ನೋಡಿದಳು. ಸೋಮವಾರ ಬೆಳಿಗ್ಗೆ ಅವನು ಬೇಗನೆ ಹೊರಗೆ ಬಂದ. ಹೆಂಡತಿ ಬಾಗಿಲು ಬಡಿಯಬೇಕಾಗಲಿಲ್ಲ. ತಾನೂ ಕಾರ್ಖಾನೆಗೆ ಬರುತ್ತೇನೆ ಎಂದಳು. ಬೇಡ, ಈ ಮಾತು ನಾನೇ ಆಡಬೇಕು ಎಂದು ಕೆಂಪು ಗೆರೆಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಕಚೇರಿಗೆ ಹೋಗಲಿಲ್ಲ. ಹಜಾರದ ನಡುವೆ, ಹೋದವಾರ ಅಳಿಯ ನಿಂತ ಜಾಗದಲ್ಲೇ ನಿಂತ. ಅಳಿಯ ಕುರ್ಚಿ ಬಿಟ್ಟು ಬಾಗಿಲಿಗೆ ಬಂದ. ಗ್ರಾಮಣ್ಣನ ಕಿವಿ ಕೆಂಪಾಗಿತ್ತು, ಆದರೆ ದನಿ ಕೊನೆಯ ಸಾಲಿಗೂ ಕೇಳುವಷ್ಟಿತ್ತು.

"ಶನಿವಾರ ಓದಿದ್ದು ನನ್ನ ಹೊಟ್ಟೆ ಪುಸ್ತಕ. ನನಗೆ ಮಲಬದ್ಧತೆ. ಅದು ನಾನು ತಿಂದ ನಾರು, ಕಿಲೋ ಅಲ್ಲ, ಗ್ರಾಂ. ಒಳಗಿದೆ ಅಂತ ಬರೆದದ್ದು ಇಲ್ಲಿ," ಎಂದು ಹೊಟ್ಟೆಯ ಮೇಲೆ ಕೈಯಿಟ್ಟ.

ಬಾಚಣಿಗೆ ಅಕ್ಕ ತಲೆ ಎತ್ತದೆ, ಕೈಕೆಲಸ ನಿಲ್ಲಿಸದೆ ಹೇಳಿದಳು:

"ನನಗೂ ಇದೆ ಅಣ್ಣ. ಇಪ್ಪತ್ತು ವರ್ಷ ಆಯ್ತು."

ಆಮೇಲೆ ನಕ್ಕರು, ಎಲ್ಲರೂ ನಕ್ಕರು. ಅವನು ಹೆದರಿಕೊಂಡಿದ್ದ ನಗು ಅದಲ್ಲ. ಮೂರನೇ ಸಾಲಿನವಳೊಬ್ಬಳು ಆ ಡಾಕ್ಟರ ಪಟ್ಟಿ ನಮಗೂ ಕೊಡಿ ಎಂದಳು. ಮೂಟೆ ಹಿಂದೆ ನಿಂತು ಮೆಲ್ಲುತ್ತಿದ್ದದ್ದು ಹುರಿದ ಬಟಾಣಿ ಎಂದು ನನಗೆ ಆವತ್ತೇ ಗೊತ್ತಿತ್ತು ಎಂದಳು ಇನ್ನೊಬ್ಬಳು. ಗೊತ್ತಿದ್ದರೆ ಶನಿವಾರ ಬಾಯಿ ಬಿಡಬಾರದಿತ್ತೇ ಮಾರಾಯ್ತಿ ಎಂದು ಪಕ್ಕದವಳು ತಿವಿದಳು.

ಅಳಿಯ ನಗಲಿಲ್ಲ. ಬಂದು ಪುಸ್ತಕ ತೆಗೆದುಕೊಂಡು ನಿಂತಲ್ಲೇ ಓದಿದ. ಕೆಂಪು ಗೆರೆಯಿಂದ ಕೆಂಪು ಗೆರೆಗೆ ಅವನ ಬೆರಳು ಇಳಿಯಿತು. ಆಮೇಲೆ ಉಗ್ರಾಣಕ್ಕೆ ಹೋಗಿ ಹೋದವಾರದ ಮೂಟೆಯಿಂದ ತಾನೇ ಒಂದು ಹಿಡಿ ನಾರು ಹಿರಿದು, ನೂರು ಗ್ರಾಂ ತೂಗಿ, ಒಲೆಯ ಮುಚ್ಚಳದ ಮೇಲೆ ಹರಡಿದ. ಅದರಿಂದ ಹಬೆ ಏಳುವುದನ್ನು ಕೈಕಟ್ಟಿ ನೋಡುತ್ತ ನಿಂತ. ಹಬೆ ನಿಂತ ಮೇಲೆ ಮತ್ತೆ ತೂಗಿದ. ಪುಸ್ತಕದ ಅಂಚಿನಲ್ಲಿದ್ದ ಮಾತೇ ತಕ್ಕಡಿಯಲ್ಲೂ ಇತ್ತು. ಅಷ್ಟು ಹೊತ್ತಿನಲ್ಲಿ ಅವನ ಫೋನು ಎರಡು ಸಲ ಬಡಿದುಕೊಂಡಿತು, ಅವನು ತೆಗೆಯಲಿಲ್ಲ. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕಡೆಗೆ ಸಣ್ಣ ದನಿಯಲ್ಲಿ ಕೇಳಿದ.

ಗ್ರಾಮಣ್ಣನಿಗೆ ಮೂರು ವಾರದ ಸಿಟ್ಟು, ಅಲ್ಲ, ಮೂವತ್ತೊಂದು ವರ್ಷದ ಸಿಟ್ಟು ಒಟ್ಟಿಗೇ ಬಂತು.

"ಬರೀರಿ ಅಂದ್ರಿ, ಬರೆದೆ. ದಿನಾ ಬರೆದೆ. ಇಷ್ಟು ವರ್ಷ ನಾನು ಬರೆದದ್ದನ್ನ ಈ ಕಾರ್ಖಾನೇಲಿ ಒಬ್ರೂ ಓದಲಿಲ್ಲ. ನೀವು ಓದಿದ್ದು ಒಂದೇ ಒಂದು ದಿನ, ಅದೂ ನನ್ನ ಹೊಟ್ಟೆ."

ಅಳಿಯ ಪುಸ್ತಕ ಮುಚ್ಚಿ ಕೆಳಗಿಟ್ಟ. ಜೇಬಿನಿಂದ ಬೀಗದ ಕೈ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ತಪ್ಪಾಯಿತು ಎಂದದ್ದು ಗ್ರಾಮಣ್ಣನಿಗೆ ಮಾತ್ರ ಕೇಳಿಸಿತು. ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವನು ನಿಂತು, ಹಿಂತಿರುಗಿ ಹಜಾರಕ್ಕೆ ಬಂದು, ಅದನ್ನೇ ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದ. ಗ್ರಾಮಣ್ಣ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು, ಗಂಟನ್ನು ಎರಡು ಸಲ ಜಗ್ಗಿ ನೋಡಿದ.

ಮುಂದಿನ ಶನಿವಾರದಿಂದ ಅಳಿಯ ಓದದೆ ಸಹಿ ಹಾಕುವುದಿಲ್ಲ. ಒಂದೊಂದು ಸಾಲೂ ಓದುತ್ತಾನೆ, ಬೆರಳಿಟ್ಟು ಕೇಳುತ್ತಾನೆ, ಈ ಏಳು ಯಾಕೆ ಒಂದರ ಹಾಗೆ ಕಾಣುತ್ತದೆ, ಇಲ್ಲಿ ಶಾಯಿ ಯಾಕೆ ಬದಲಾಯಿತು. ಎರಡು ಗಂಟೆ ಹಿಡಿಯುತ್ತದೆ. ಯಜಮಾನರ ಕಾಲವೇ ಚೆನ್ನಾಗಿತ್ತು ಎಂದು ಗ್ರಾಮಣ್ಣ ಮನೆಯಲ್ಲಿ ಗೊಣಗುತ್ತಾನೆ. ಓದಿಸಿಕೊಂಡ ದಿನ ನಿಮ್ಮ ಮುಖ ನೋಡಿಕೊಂಡಿದ್ದೀರಾ ಎಂದು ಹೆಂಡತಿ ಸೂಜಿ ಕಚ್ಚಿಕೊಂಡೇ ಕೇಳುತ್ತಾಳೆ. ಮೊದಲ ಶನಿವಾರ ಅವನು ಪಕ್ಕದಲ್ಲಿ ನೀರಿನ ಸೀಸೆ ಇಟ್ಟುಕೊಂಡು ಕೂತು, ಗುಟುಕು ಗುಟುಕಾಗಿ ಕುಡಿಯುತ್ತ, ಒಂದೊಂದಕ್ಕೂ ಉತ್ತರ ಕೊಡುತ್ತಿದ್ದ. ಇನ್ನು ನಾಲ್ಕು ಪುಟ ಇದೆ ಎನ್ನುವಾಗ ತಟ್ಟನೆ ಎದ್ದು ನಿಂತ. ಎಲ್ಲಿಗೆ ಹೊರಟಿರಿ ಎಂದು ಅಳಿಯ ಕೇಳಿದ. ಬಾಗಿಲ ಆಚೆ ಕೂತ ಮೂವತ್ತು ಜನಕ್ಕೂ ಎಲ್ಲಿಗೆಂದು ಗೊತ್ತಿತ್ತು, ಯಾರೂ ತಲೆ ಎತ್ತಲಿಲ್ಲ. ಗ್ರಾಮಣ್ಣ ಪುಸ್ತಕವನ್ನು ಅಳಿಯನ ಕೈಯಲ್ಲೇ ಬಿಟ್ಟು, ನೀವು ಓದ್ತಾ ಇರಿ ಎಂದು ಹೇಳಿ, ಅವಸರ ಅವಸರವಾಗಿ ಹೋದ.